ಫ್ಯಾಮಿಲಿ ಇದೆ

"ಎಕ್ಸ್‌-ರೇ ಬೇಡ ಮೇಡಂ. ಫ್ಯಾಮಿಲಿ ಇದೆ."

ಯಂತ್ರದ ಹಲಗೆಗೆ ಎದೆಯೊತ್ತಿ ನಿಲ್ಲಬೇಕಾದವನು ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ.

ಎಕ್ಸ್‌-ರೇ ತೆಗೆಯುವವಳಿಗೆ ರೇಗಿತು. "ಫ್ಯಾಮಿಲಿ ಇರೋರೆಲ್ಲ ತೆಗೆಸ್ಕೋತಾರೆ. ಬನ್ನಿ, ಉಸಿರು ಹಿಡ್ಕೊಳ್ಳಿ."

"ಡಾಕ್ಟರನ್ನ ಒಂದು ಮಾತು ಕೇಳಿ," ಎಂದು ನಕ್ಕ.

ಡಾಕ್ಟರು ಅವನ ಫೈಲು ನೋಡಿ ಚೀಟಿಯಲ್ಲಿ ಎಂಆರ್‌ಐ ಎಂದು ತಿದ್ದಿಕೊಟ್ಟರು. ಅದರಲ್ಲಿ ಅವನ ಎಡ ಶ್ವಾಸಕೋಶದೊಳಗೆ ಗೋಲಿಯಷ್ಟು ಗಡ್ಡೆ ಕಂಡಿತು. ಕ್ಯಾನ್ಸರ್... ಬೀಡಿ ಸಿಗರೇಟು ಮುಟ್ಟದವನಿಗೆ! ಸದ್ಯ, ಬೇಗ ಸಿಕ್ಕಿದ್ದರಿಂದ ಆಪರೇಷನ್ನಿಗೇ ಮುಗಿಯಿತು.

ಆಮೇಲೆ ಮೂರು ತಿಂಗಳಿಗೊಮ್ಮೆ ಎಂಆರ್‌ಐ ತಪಾಸಣೆ, ಅದನ್ನು ಮಾಡುವವಳೂ ಅವಳೇ. ಅವನು ಬೀಗ ರಿಪೇರಿಯವನು. ಸ್ಕ್ಯಾನಿಗೆ ಮುಂಚೆ ಜೇಬು ಖಾಲಿ ಮಾಡಿಸಿದರೆ ಕೀಲಿಕೈ, ಸ್ಪ್ರಿಂಗು, ಅರ, ಎಲ್ಲ ಹೊರಬರುತ್ತಿದ್ದವು.

"ಇನ್ನೂ ಏನಾದ್ರೂ ಇದೆಯಾ?"

"ಇನ್ನು ಹಲ್ಲು ಮಾತ್ರ ಮೇಡಂ."

ಅವಳಿಗೆ ನಗು ತಡೆಯುತ್ತಿರಲಿಲ್ಲ. ಮೈಕಿನಲ್ಲಿ "ಇನ್ನೈದೇ ನಿಮಿಷ" ಎನ್ನುವಾಗ ದನಿ ತಾನಾಗಿಯೇ ಮೆತ್ತಗಾಗುತ್ತಿತ್ತು. ಹೊರಗೆ ನೋಡಿದರೆ, ನೀರಿನ ಬಾಟಲಿ ಹಿಡಿದು ಅವನಿಗಾಗಿ ಕಾಯುವ ಹೆಂಗಸು. 'ಛೆ... ಸಂಸಾರಸ್ಥನ ಮೇಲೆ ಇದೆಂಥ ಹುಚ್ಚು!' ಎಂದು ಮುಖ ಬಿಗಿದುಕೊಳ್ಳುತ್ತಿದ್ದಳು.

ವರ್ಷ ತುಂಬಿತು. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಆದರೂ ಅವನು ಹೊರಡಲಿಲ್ಲ.

"ನಿಮ್ಮ ಹತ್ತಿರ ಒಂದು ಮಾತು..."

"ನಿಮ್ಮ ಮನೆಯವರು ಕಾಯ್ತಿದ್ದಾರೆ."

"ಅಕ್ಕನಾ? ಅವಳೇ ನನ್ನ ಒಳಗೆ ದಬ್ಬಿದ್ದು."

"ಅಕ್ಕ?... ಮತ್ತೆ ಅವತ್ತು ಫ್ಯಾಮಿಲಿ ಇದೆ ಅಂದ್ರಲ್ಲ?"

ಅವನು ಪಿಳಿಪಿಳಿ ನೋಡಿ ಗೊಳ್ಳೆಂದು ನಕ್ಕ. ಆಮೇಲೆ ಮೆಲ್ಲಗೆ ಹೇಳಿದ. "ಫ್ಯಾಮಿಲಿಯಲ್ಲಿ ಈ ಕಾಯಿಲೆ ಇದೆ ಅಂದಿದ್ದು ಮೇಡಂ. ಅಮ್ಮನಿಗಿತ್ತು, ಸೋದರಮಾವನಿಗಿತ್ತು. ಹುಟ್ತಾನೇ ಬಂದ ದೋಷ. ಎಕ್ಸ್‌-ರೇ ಆದಷ್ಟೂ ಬೇಡ, ಅದರ ಕಿರಣ ಬಿದ್ರೆ ನಮಗೆ ಕ್ಯಾನ್ಸರ್ ಬರೋದು ಹೆಚ್ಚು ಅಂದಿದ್ದಾರೆ. ಡಾಕ್ಟರುಗಳೆಲ್ಲ 'ಫ್ಯಾಮಿಲಿ ಹಿಸ್ಟರಿ ಇದೆಯಾ' ಅಂತ ಕೇಳಿ ಕೇಳಿ, ನನ್ನ ಬಾಯಲ್ಲಿ ಅದು ಬರೀ 'ಫ್ಯಾಮಿಲಿ ಇದೆ' ಆಗಿದೆ."

ಹತ್ತು ವರ್ಷ ಆಸ್ಪತ್ರೆಯಲ್ಲಿ ಸವೆದವಳಿಗೆ ಇಷ್ಟು ಹೊಳೆಯಲಿಲ್ಲವೇ! ನಾಚಿಕೆಗೋ ಸಂತೋಷಕ್ಕೋ, ಅವಳ ಕಣ್ಣು ತುಂಬಿಬಂತು.

"ನೀವಂದ್ರೆ ನಂಗೆ ತುಂಬಾ ಇಷ್ಟ," ಎಂದ ಅವನು. "ಆದ್ರೆ ಇದು ಮತ್ತೆ ಬರಬಹುದು. ಮಕ್ಕಳಿಗೂ ಬರಬಹುದು. ಯೋಚನೆ ಮಾಡಿ ಹೇಳಿ."

"ವರ್ಷದಿಂದ ಇನ್ನೇನು ಮಾಡಿದ್ದೀನಿ?" ಅವಳು ಕಣ್ಣೊರೆಸಿಕೊಂಡಳು. "ಬಂದ್ರೆ ಸ್ಕ್ಯಾನಲ್ಲಿ ಮೊದಲು ನೋಡೋಳು ನಾನೇ ತಾನೇ. ಮಕ್ಕಳ ವಿಷಯ ಇಬ್ಬರೂ ಹೋಗಿ ಡಾಕ್ಟರನ್ನ ಕೇಳೋಣ."

"ಅಂದ್ರೆ... ಒಪ್ಪಿಗೆನಾ?"

"ನಿಮ್ಮಕ್ಕನ್ನ ಕರೀರಿ. ಗಂಡು ಕೇಳೋಕೆ ಬಂದಿದ್ದೀನಿ ಅಂತ ಹೇಳ್ತೀನಿ."

"ಕೇಳೋದೇನು ಬಂತು," ಎಂದ ಅವನು, ಅವಳ ಕೈ ಹಿಡಿದು. "ಕೊಟ್ಟುಬಿಡೋಕೆ ಅಂತಲೇ ವರ್ಷದಿಂದ ಹೊರಗೆ ಕೂತಿದ್ದಾಳೆ."