ಎತ್ತಿಟ್ಟ ತುತ್ತು

"ಮಗು ಬೆರಳಿಗೆ ಏನು ಮಾಡಿದ್ರಿ ಟೀಚರ್?"

ಅಂಗನವಾಡಿಯ ಬಾಗಿಲಿಂದ ಬಂದ ಆ ದನಿಗೆ ಹಾಡು ಅರ್ಧಕ್ಕೇ ನಿಂತಿತು. ವೃತ್ತವಾಗಿ ಕೂತಿದ್ದ ಪುಟಾಣಿಗಳು ಎತ್ತಿದ ಕೈ ಇಳಿಸದೆ ಅತ್ತ ತಿರುಗಿದರು. ಟೀಚರ್ ಪೇಚಿಯಮ್ಮಾಳ್ ಮೊದಲು ಮಾಡಿದ ಕೆಲಸವೆಂದರೆ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡದ್ದು.

ಬಂದವನು ಅಯ್ಯಾದುರೈ. ಕೋವಿಲ್‌ಪಟ್ಟಿಯ ಮಾರ್ಕೆಟ್ ರಸ್ತೆಯಲ್ಲಿ ಕಡಲೆ ಮಿಠಾಯಿ ಮಾಡುವವನು. ಮೈಯಿಂದ ಇನ್ನೂ ಬೆಲ್ಲದ ಪಾಕದ ವಾಸನೆ ಹೋಗಿರಲಿಲ್ಲ. ಕಂಕುಳಲ್ಲಿ ಅಕ್ಕನ ಮಗಳು ಕಯಲ್, ಎರಡೂವರೆ ವರ್ಷದವಳು.

"ಮನೇಲಿ ಹಾಡು ಹೇಳ್ತಾ ಕೈ ಎತ್ತಿದ್ರೆ ಸಾಕು, ಉಂಗುರದ ಬೆರಳು ಮಡಚಿಕೊಳ್ತಾಳೆ. ಬಿಡಿಸೋಕೆ ಹೋದ್ರೆ ಕಿರುಚ್ತಾಳೆ. ಡಾಕ್ಟರ್ ನೋಡಿ ಏನೂ ಇಲ್ಲ ಅಂದ್ರು. ಬಾಗಿಲ ಸಂದಿಗೆ ಸಿಕ್ಕಿತ್ತಾ? ಯಾರಾದ್ರೂ ಹೊಡೆದ್ರಾ?"

"ಇಲ್ಲ... ನಾನು ಮಕ್ಕಳ ಮೇಲೆ ಕೈ ಮಾಡೋಳಲ್ಲ."

ಮಕ್ಕಳನ್ನು ಬಿಡಲು ಬಂದಿದ್ದ ತಾಯಂದಿರು ಅವನ ಬೆನ್ನ ಹಿಂದೆ ಗುಂಪುಗೂಡಿದರು. ಅಯ್ಯಾದುರೈ ಆಗಷ್ಟೇ ಉಳಿದ ಮಕ್ಕಳ ಕೈಗಳನ್ನು ನೋಡಿದ. ಗೋಡೆ ಮೇಲಿನ ಗುಬ್ಬಿಗಳ ಹಾಡು ಅದು, ಬೆರಳುಗಳೇ ಗುಬ್ಬಿಗಳು. ಒಂದೊಂದು ಪುಟ್ಟ ಕೈಯಲ್ಲೂ ಉಂಗುರದ ಬೆರಳು ಮಡಚಿಕೊಂಡಿತ್ತು!

ಅಡುಗೆಯ ಆಯಾ ಸೀನಿಯಮ್ಮಾಳ್‌ಗೆ ತಡೆಯಲಾಗಲಿಲ್ಲ. ಮನಸ್ಸು ಬೆಣ್ಣೆ, ಬಾಯಿಗೆ ಮಾತ್ರ ಬೀಗವಿಲ್ಲ.

"ಅಯ್ಯೋ ಮಹಾರಾಯ, ನಮ್ಮ ಟೀಚರ್ ಕೈಯಲ್ಲಿರೋದೇ ನಾಲ್ಕು ಬೆರಳು. ಅವಳು ತೋರಿಸಿದಂಗೆ ಇವು ತೋರಿಸ್ತವೆ, ಅಷ್ಟೇ."

ಅಯ್ಯಾದುರೈ ಕಯಲ್‌ಳ ಬೆರಳನ್ನು ಮುಟ್ಟಿ ನೋಡಿದ. ಆಮೇಲೆ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹಿಂದೆ ತಾಯಂದಿರೂ ನಕ್ಕರು.

ಎಲ್ಲರ ಕಣ್ಣೂ ಅವಳ ಸೆರಗಿನ ಮೇಲೆ. ಭೂಮಿ ಬಾಯಿಬಿಟ್ಟು ನುಂಗಬಾರದೇ... ಪೇಚಿ ಎದ್ದು ಅಡುಗೆಕೋಣೆಗೆ ನಡೆದಳು. ಅವಳ ಮುಖ ಕಂಡ ಅಯ್ಯಾದುರೈಯ ನಗು ಅಲ್ಲಿಗೇ ನಿಂತಿತು. ಆದರೆ ಅದನ್ನು ನೋಡಲು ಅವಳು ಅಲ್ಲಿರಲಿಲ್ಲ.

ಅಪ್ಪನ ಕಬ್ಬಿನ ಹಾಲಿನ ಗಾಡಿಯಲ್ಲಿ ಗಾಣಕ್ಕೆ ಕಬ್ಬು ತೂರಿಸಿ ಕೊಡುತ್ತಿದ್ದಾಗ ಹೋದ ಬೆರಳು ಅದು. ಅವಳಿನ್ನೂ ಲಂಗ ಉಡುವ ಹುಡುಗಿ. ನೋವು ಮಾಯಿತು, ನಾಚಿಕೆ ಮಾಯಲಿಲ್ಲ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಲೋಟ ಕೆಳಗಿಡುತ್ತಾ, "ನಿಶ್ಚಿತಾರ್ಥಕ್ಕೆ ಉಂಗುರ ಎಲ್ಲಿಗೆ ತೊಡಿಸೋಣ?" ಎಂದಿದ್ದರು. ಅಂದಿನಿಂದ ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಗುಡಿಯಲ್ಲಿ ಕೂಡ ಆ ಕೈ ಸೆರಗು ಬಿಟ್ಟು ಹೊರಬಂದದ್ದಿಲ್ಲ.

ಮಕ್ಕಳ ಮುಂದೆ ಮಾತ್ರ ಬರುತ್ತಿತ್ತು. ಅವು ದಿಟ್ಟಿಸುವುದಿಲ್ಲ, ಅಯ್ಯೋ ಪಾಪ ಎನ್ನುವುದಿಲ್ಲ. ನಾಲ್ಕು ಗುಬ್ಬಿ ಹಾರಿದರೂ ಸರಿ, ಭುರ್ ಅಂದರೆ ಚಪ್ಪಾಳೆ.

'ಆ ಒಂದು ಜಾಗವೂ ಹೋಯಿತು...' ಸಾರಿನ ಪಾತ್ರೆಯ ಹಿಂದೆ ಕೂತು ಅವಳು ಅತ್ತಳು. ಇನ್ನು ಈ ಕೈಯನ್ನು ಮಕ್ಕಳಿಗೂ ತೋರಿಸುವುದಿಲ್ಲ ಎಂದು ಅಂದೇ ತೀರ್ಮಾನಿಸಿದಳು.

ಮರುದಿನದಿಂದ ಹಾಡಿತ್ತು, ಆಟವಿರಲಿಲ್ಲ. ಎಡಗೈ ಒಂದೇ ಎತ್ತಿ ಕಾಟಾಚಾರಕ್ಕೆ ಹೇಳಿಕೊಡುತ್ತಿದ್ದಳು. ಮಕ್ಕಳು ಆಕಳಿಸಿದವು. ಅಯ್ಯಾದುರೈ ಬಂದರೆ ಕಯಲ್‌ಳನ್ನು ಆಯಾಳ ಕೈಗೆ ಕೊಟ್ಟು ಒಳಗೆ ಸರಿಯುತ್ತಿದ್ದಳು. ಅವನು ಕಳಿಸಿದ ಕಡಲೆ ಮಿಠಾಯಿಯ ಪೊಟ್ಟಣ ಗಂಟು ಬಿಚ್ಚದೆ ವಾಪಸಾಯಿತು.

"ಅವನು ನಿನ್ನ ನೋಡಿ ನಗಲಿಲ್ಲ ಕಣೇ ತಾಯಿ," ಎಂದಳು ಸೀನಿಯಮ್ಮಾಳ್. "ನನ್ನ ಹಾಳು ಬಾಯಿಂದ ಆಗಿದ್ದು."

"ಯಾರಿಂದಾದ್ರೇನು ಅಜ್ಜಿ, ಬೆತ್ತಲಾದವಳು ನಾನು ತಾನೆ?"

ಮುದುಕಿ ಸೌಟು ಹಿಡಿದು ಸಾರಿನ ಪಾತ್ರೆಯತ್ತ ತಿರುಗಿದಳು.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಚಾಪೆಯಲ್ಲಿ ನಿದ್ದೆಹೋಗಿದ್ದವು, ಕಯಲ್ ಒಬ್ಬಳನ್ನು ಬಿಟ್ಟು. ಅವಳು ತೆವಳಿಕೊಂಡು ಬಂದು ಟೀಚರ್ ಮಡಿಲೇರಿ, ಸೆರಗು ಸರಿಸಿ, ಬಲಗೈಯನ್ನು ಹೊರಗೆಳೆದಳು.

"ಬೇಡ ಕಂದಾ..."

ಕೇಳುವವರು ಯಾರು? ಪೇಚಿಯ ಅಂಗೈಯನ್ನು ಮಡಕೆ ಮಾಡಿ, ತನ್ನ ಮೊಣಕೈ ಊರಿ ಬೇಳೆ ಕಡೆಯತೊಡಗಿದಳು. ಆ ಸೀಮೆಯ ಕೂಸುಗಳಿಗೆ ಹಾಲಿನ ಜೊತೆಗೇ ಬರುವ ಆಟ. ಕಡೆದ ಬೇಳೆಯನ್ನು ಒಂದೊಂದು ಬೆರಳಿಗೂ ತುತ್ತು ಮಾಡಿ ಉಣ್ಣಿಸಬೇಕು.

"ತಾತನಿಗೆ ಒಂದು. ಅಮ್ಮನಿಗೆ ಒಂದು. ಮಾಮನಿಗೆ ಒಂದು."

ಮುಂದೆ ಬೆರಳಿರಲಿಲ್ಲ. ಮಗು ಅದನ್ನು ದಾಟಿ ಕಿರುಬೆರಳಿಗೆ ಹೋಗುತ್ತದೆ ಎಂದುಕೊಂಡಳು ಪೇಚಿ.

ಕಯಲ್ ದಾಟಲಿಲ್ಲ. ಇಲ್ಲದ ಬೆರಳಿನ ಜಾಗದಲ್ಲಿ ದೊಡ್ಡದೊಂದು ತುತ್ತಿಟ್ಟು, ಅದರ ಮೇಲೆ ತನ್ನ ಪುಟ್ಟ ಅಂಗೈಯನ್ನು ಮುಚ್ಚಳದಂತೆ ಮುಚ್ಚಿದಳು.

"ಇದು ಎತ್ತಿಡೋದು. ಅವ್ರು ಇನ್ನೂ ಬಂದಿಲ್ಲ."

"ಯಾರು ಹೇಳಿದ್ರು ಹಂಗೆ?"

"ಮಾಮ."

ಮಾಮ ಬಾಗಿಲಲ್ಲೇ ನಿಂತಿದ್ದ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು. ಪೇಚಿ ಕೈ ಎಳೆದುಕೊಳ್ಳಲು ನೋಡಿದಳು. ಮಗುವಿನ ಮುಚ್ಚಳ ಬಿಡಲಿಲ್ಲ.

"ಇವಳಮ್ಮ ಬೆಂಕಿಪೊಟ್ಟಣದ ಕೆಲಸಕ್ಕೆ ಹೋದ್ರೆ ಮಗು ನನ್ನ ಜವಾಬ್ದಾರಿ," ಎಂದ ತಗ್ಗಿದ ದನಿಯಲ್ಲಿ. "ಆವತ್ತು ಡಾಕ್ಟರ್ ಮಾತು ನಂಬದೆ, ಬೆರಳೇ ಹೋಯ್ತು ಅಂತ ದಾರಿಯುದ್ದ ಅಳ್ತಾ ಬಂದಿದ್ದೆ. ಏನೂ ಆಗಿಲ್ಲ ಅಂತ ಗೊತ್ತಾದಾಗ ಹೋದ ಜೀವ ಬಂತು. ನಗು ಬಂತು."

"ನನಗೆ ಆಗಿತ್ತಲ್ಲ," ಎಂದಳು ಪೇಚಿ.

ಅವನು ತಲೆ ತಗ್ಗಿಸಿದ.

"ಹೌದು. ಅದನ್ನ ನಾನು ನೋಡೋ ಹೊತ್ತಿಗೆ ನಕ್ಕಾಗಿತ್ತು. ಆವತ್ತಿಂದ ಪಾಕ ಕಾಯಿಸೋಕೆ ನಿಂತ್ರೆ ನಿಮ್ಮ ಮುಖ. ನಾಚಿಕೆಯಿಂದ ನಿದ್ದೆ ಇಲ್ಲ. ತಪ್ಪಾಯ್ತು ಟೀಚರ್."

ಪೇಚಿ ಅವನತ್ತ ನೋಡಿದಳು. ಇಷ್ಟು ವರ್ಷ ನಾಚಿಕೆ ತನಗೊಬ್ಬಳಿಗೇ ಬರೆದದ್ದು ಎಂದುಕೊಂಡಿದ್ದಳು. ಎದುರಿಗಿದ್ದವನ ಕಿವಿಗಳು ಕೆಂಪಾಗಿದ್ದವು.

"ಎತ್ತಿಡೋದು ಅಂದಳಲ್ಲ..." ಎಂದಳು.

"ಟೀಚರ್‌ಗೆ ಇಲ್ಲಿ ಬೆರಳಿಲ್ಲ, ತುತ್ತು ಯಾರಿಗೆ ಅಂತ ಕೇಳಿದ್ಲು. ನಮ್ಮ ಮನೇಲಿ ಊಟಕ್ಕೆ ಕೂತಾಗ ಯಾರು ಬಂದಿಲ್ವೋ ಅವರ ಪಾಲು ಮೊದಲೇ ಎತ್ತಿಡ್ತೀವಿ. ಅದನ್ನೇ ಹೇಳಿದೆ." ಅವನು ಚಪ್ಪಲಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ಈಚೆಗೆ ನಾನು ಇನ್ನೊಂದು ಪಾಲೂ ಎತ್ತಿಡ್ತೀನಿ. ಯಾರಿಗೋ ಅಂತ ಅಕ್ಕ ಕೇಳಿದ್ಲು. ನಿಮ್ಮ ಹೆಸರು ಹೇಳಿದೆ."

ಪೇಚಿಯ ಕಣ್ಣು ತುಂಬಿತು.

"ಉಂಗುರ ತೊಡೋ ಬೆರಳೇ ಇಲ್ಲ ನನಗೆ."

"ತಾಳಿ ಜೊತೆ ಕಾಲುಂಗುರ ಇದ್ರೆ ಸಾಕು ನಮ್ಮವರಿಗೆ. ಕಾಲ್ಬೆರಳು ಎಲ್ಲಾ ಇವೆ ತಾನೆ?"

ಅಳುತ್ತಲೇ ಅವಳಿಗೆ ನಗು ಬಂತು. ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡಳು. ಬಲಗೈಯನ್ನು ಮಾತ್ರ ಮಡಿಲಲ್ಲಿ ಹಾಗೇ ಬಿಟ್ಟಳು, ಬಿಚ್ಚಿ, ಅವನಿಗೆ ಕಾಣುವಂತೆ.

"ಎತ್ತಿಟ್ಟ ಊಟ... ಏನು ಮಾಡ್ತೀರಿ ಆಮೇಲೆ?"

"ಬೆಳಿಗ್ಗೆ ನಾನೇ ತಿಂತೀನಿ. ತಂಗಳು ತಿಂದು ಹೊಟ್ಟೆ ಬಂದಿದೆ ನೋಡಿ."

ಕಯಲ್ ಕೊನೆಗೂ ಮುಚ್ಚಳ ತೆಗೆದು ಕಿರುಬೆರಳಿಗೆ ತುತ್ತಿಟ್ಟಳು. ಪೇಚಿ ಅವಳ ನೆತ್ತಿಗೆ ಗಲ್ಲ ಊರಿ, ಅವನತ್ತ ನೋಡದೆ ಹೇಳಿದಳು.

"ಅಕ್ಕನಿಗೆ ಹೇಳಿ. ಇನ್ನು ಎತ್ತಿಡೋದು ಬೇಡ... ಬಂದು ಕೂತ್ಕೋತೀನಿ, ಬಡಿಸಲಿ."