ಹದಿನೇಳನೇ ಲಿಫ್ಟಿನ ದಾಖಲೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಐದು ಮಹಡಿಯ ಕಟ್ಟಡವೊಂದರಲ್ಲಿ ಅವಳ ಅಪ್ಪ ಟೈಲರ್ ಅಂಗಡಿ ಇಟ್ಟಿದ್ದರು. ಭಾನುವಾರ ಅವರು ಹತ್ತಿದ್ದ ಲಿಫ್ಟು ಮೂರನೇ ಮಹಡಿಯಿಂದ ಜಾರಿ ಕೆಳಗೆ ಬಡಿದಿತ್ತು.

"ಎರಡೂ ಕಾಲು ಮುರಿದಿದೆ ಮೇಡಂ. ಮೆಷಿನ್ ತುಳಿಯೋ ಕಾಲು. ತಿಂಗಳಿಗೊಮ್ಮೆ ಲಿಫ್ಟ್ ನೋಡೋ ಮೆಕ್ಯಾನಿಕ್ ಈ ಸಲ ಬಂದೇ ಇಲ್ವಂತೆ. ಲಿಫ್ಟ್ ಕಂಪನಿ ಮ್ಯಾನೇಜರೇ ಹೇಳಿದ್ರು."

FIR ದಾಖಲಾಯಿತು. ಆರೋಪಿಯ ಜಾಗದಲ್ಲಿ ಮೆಕ್ಯಾನಿಕ್‌ನ ಹೆಸರು ಬಂತು. ಮಧ್ಯಾಹ್ನ ಅವನೇ ಠಾಣೆಗೆ ಬಂದ.

"ಶುಕ್ರವಾರ ಎಲ್ಲಿದ್ದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಅದೇ ಲಿಫ್ಟ್ ಹತ್ರ. ಬ್ರೇಕ್ ಹಿಡೀತಿರಲಿಲ್ಲ. ಓಡಿಸಬಾರದು ಅಂತ ಫೋನಲ್ಲಿ ವರದಿ ಹಾಕ್ದೆ, ಮೇನ್ ಸ್ವಿಚ್ ಆಫ್ ಮಾಡಿ ಬೋರ್ಡ್ ತೂಗುಹಾಕ್ದೆ. ಮ್ಯಾನೇಜರಿಗೂ ಫೋನ್ ಮಾಡಿ ಹೇಳ್ದೆ."

"ಅವರು ನೀನು ಹೇಳೇ ಇಲ್ಲ ಅಂತಾರೆ. ಅಪಘಾತದ ದಿನ ಬೋರ್ಡೂ ಇರಲಿಲ್ಲ."

"ಹಾಗಾದ್ರೆ ವರದಿ ತೆಗೆಸಿ ನೋಡಿ ಮೇಡಂ. ಅದು ಸಿಗದಿದ್ರೆ ನಾನೇ ಒಳಗೆ ಹೋಗ್ತೀನಿ."

ಅವನು ಹೊರಗೆ ಹೋದ ಮೇಲೆ ಹೆಡ್ ಕಾನ್‌ಸ್ಟೆಬಲ್ ಬಾಯಿಬಿಟ್ಟರು. ನುಣ್ಣಗೆ ಬೋಳಿಸಿದ ಮುಖದ ಅವರನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದು ಮೀಸೆ ಎಂದು. "ಸುಳ್ಳು ಹೇಳೋನ ಥರ ಕಾಣಲ್ಲ."

"ಹಾಗೆ ಕಾಣದೇ ಇರೋದೇ ಸುಳ್ಳುಗಾರರ ಕಸುಬು ಕಣ್ರೀ. ಕೋರ್ಟಿಗೆ ಅರ್ಜಿ ಬರೀರಿ."

ಮಂಗಳವಾರ ಆದೇಶ ಬಂತು. ಆ ಮೆಕ್ಯಾನಿಕ್‌ನ ಶುಕ್ರವಾರದ ವರದಿ ಮಾತ್ರ ತೆಗೆಯಬಹುದು. ಮಿಕ್ಕವುಗಳಲ್ಲಿ ನಿವಾಸಿಗಳ ಖಾಸಗಿ ವಿವರಗಳಿರುವುದರಿಂದ ಕೈ ಹಾಕುವಂತಿಲ್ಲ.

ಬುಧವಾರ ಕಂಪನಿಯ ಕಚೇರಿಯಲ್ಲಿ ಪ್ರೋಗ್ರಾಮರ್ ಹುಡುಗಿ ಲ್ಯಾಪ್‌ಟಾಪ್ ತೆರೆದಳು. ಮ್ಯಾನೇಜರ್ ಅವಳ ಬೆನ್ನ ಹಿಂದೆ ಕೈಕಟ್ಟಿ ನಿಂತರು.

"ನಮ್ಮ ವರದಿಗಳೆಲ್ಲ ಕ್ಲೌಡ್‌ನಲ್ಲಿವೆ ಮೇಡಂ. ಒಂದೊಂದಕ್ಕೂ ಒಂದು ಕೀ. ಲಿಫ್ಟ್ ನಂಬರ್, ದಿನಾಂಕ, ಎರಡೂ ಸೇರಿ ಒಂದು ಕೀ. ಅದನ್ನ ಕೊಟ್ಟು ಗೆಟ್ ಅಂದ್ರೆ ಆ ಒಂದೇ ದಾಖಲೆ ಬರುತ್ತೆ." ನಾಲ್ಕೈದು ಸಾಲು ಬರೆದಳು. ದಾಖಲೆಗಳ ಟೇಬಲ್ಲಿನ ಹೆಸರು, ಆ ಕಟ್ಟಡದ ಲಿಫ್ಟಿನ ನಂಬರ್ ಹದಿನೇಳು, ಶುಕ್ರವಾರದ ದಿನಾಂಕ. ಕೋಡ್ ಓಡಿತು. ಪರದೆಯ ಮೇಲೆ ಏನೂ ಬರಲಿಲ್ಲ.

"ಹೇಳಿದ್ನಲ್ಲ ಮೇಡಂ," ಎಂದರು ಮ್ಯಾನೇಜರ್. "ಅವನು ಹೋಗೇ ಇಲ್ಲ."

ಇನ್‌ಸ್ಪೆಕ್ಟರ್ ಅವರತ್ತ ತಿರುಗಲಿಲ್ಲ. "ಇಲ್ಲ ಅಂತ ಹೇಳ್ತಾ ಇದೆಯೋ, ಸುಮ್ಮನಿದೆಯೋ?"

ಹುಡುಗಿ ಮತ್ತೆ ಪರದೆ ನೋಡಿದಳು. "ಸುಮ್ಮನಿದೆ. ದಾಖಲೆ ಇಲ್ದಿದ್ರೂ ಹೀಗೇ, ನಾನು ಕೊಟ್ಟ ಕೀ ಬೇರೆ ಆಗಿದ್ರೂ ಹೀಗೇ. ಮನೇಲಿ ಯಾರೂ ಇಲ್ದಿದ್ರೂ, ನಾವೇ ಬೇರೆ ಮನೆ ಬಾಗಿಲು ತಟ್ಟಿದ್ರೂ ಒಳಗಿಂದ ಸದ್ದು ಬರಲ್ವಲ್ಲ, ಹಾಗೆ."

"ಅವನ ಹೆಸರಲ್ಲಿ ಹುಡುಕು."

"ಹೆಸರಿಗೆ ಬರಲ್ಲ ಮೇಡಂ. ಲಕ್ಷಗಟ್ಟಲೆ ದಾಖಲೆನೂ ಒಂದೊಂದಾಗಿ ಓದಿಸಬೇಕು."

"ಅದಕ್ಕೆ ಆದೇಶ ಇಲ್ಲ. ಸರಿ, ಈ ಲಿಫ್ಟ್ ನಂಬರನ್ನ ಮೆಕ್ಯಾನಿಕ್ ಬರೀತಾನಾ?"

"ಇಲ್ಲ. ಮೇಲಿನ ಮೆಷಿನ್ ರೂಮಲ್ಲಿರೋ ಪ್ಯಾನೆಲ್ ಮೇಲೆ ಸ್ಟಿಕ್ಕರ್ ಇರುತ್ತೆ. ಅದನ್ನ ಸ್ಕ್ಯಾನ್ ಮಾಡಿದ್ರೆ ತಾನೇ ಬರುತ್ತೆ."

ಇನ್‌ಸ್ಪೆಕ್ಟರ್ ಎದ್ದರು. ಮೊದಲ ದಿನದ ಪಂಚನಾಮೆಯಲ್ಲಿ "ಪ್ಯಾನೆಲ್ ಪೆಟ್ಟಿಗೆ ಒಂದು" ಎಂದಷ್ಟೇ ಇತ್ತು, ಸ್ಟಿಕ್ಕರಿನ ನಂಬರ್ ಇರಲಿಲ್ಲ. ಅದನ್ನು ಬರೆದಿದ್ದವರು ಜೊತೆಗೆ ಬಂದಿದ್ದ ಮೀಸೆಯೇ; ಅವರು ಗೋಡೆ ನೋಡತೊಡಗಿದರು.

ಮಧ್ಯಾಹ್ನ ಮೆಕ್ಯಾನಿಕನನ್ನೂ ಕರೆಸಿಕೊಂಡು ಎಲ್ಲರೂ ಆ ಕಟ್ಟಡದ ಮೆಟ್ಟಿಲು ಹತ್ತಿದರು. ಪಂಚರಾಗಿ ಕೆಳಗಿನ ಇಬ್ಬರು ಅಂಗಡಿಯವರು ಬಂದರು. "ಲಿಫ್ಟ್ ಕೇಸು ಅಂತ ಹೇಳಿ ಪ್ರಾಣ ತೆಗೀತೀರಲ್ಲ ಮೇಡಂ," ಎಂದು ಮೀಸೆ ನಾಲ್ಕನೇ ಮಹಡಿಯಲ್ಲಿ ಕಂಬಿ ಹಿಡಿದು ನಿಂತರು.

ಮೆಷಿನ್ ರೂಮಿನ ಬಾಗಿಲಿಗೆ ಹಾಕಿದ್ದ ಠಾಣೆಯ ಸೀಲು ಹಾಗೇ ಇತ್ತು. ಒಡೆದು ಒಳಹೋದರು. ಮೆಕ್ಯಾನಿಕ್ ಎಣ್ಣೆ ಹತ್ತಿದ ಸ್ಟಿಕ್ಕರ್ ಒರೆಸಿ ಫೋನ್ ಹಿಡಿದ. ಫೋನು ಟುಂಯ್ ಎಂದಿತು.

"ಈಗ ನಂಬರ್ ಓದು."

ಅವನು ಓದಿದ. ಮತ್ತೆ ಓದಿದ. "ಆರು ಅಂತಿದೆ ಮೇಡಂ."

"ಆರಾ?" ಹುಡುಗಿ ಬಗ್ಗಿ ನೋಡಿದಳು. "ಆರನೇ ಲಿಫ್ಟು ಈ ಕಟ್ಟಡದ್ದೇ ಅಲ್ಲ. ಹೋದ ವರ್ಷ ಕಳಚಿ ಗೋದಾಮಿಗೆ ಹಾಕಿದ್ವಿ!"

"ಶುಕ್ರವಾರ ಯಾಕಯ್ಯಾ ನೋಡಲಿಲ್ಲ?"

"ಟುಂಯ್ ಅಂದ ತಕ್ಷಣ ಫಾರಂ ತೆರೆಯುತ್ತೆ. ನಮ್ಮಲ್ಲಿ ಯಾರೂ ನಂಬರ್ ನೋಡಲ್ಲ ಮೇಡಂ."

ಹುಡುಗಿ ಮೆಟ್ಟಿಲ ಮೇಲೆಯೇ ಕೂತು ಹದಿನೇಳನ್ನು ಅಳಿಸಿ ಆರು ಎಂದು ಬರೆದಳು. ಬೇರೆ ಯಾವ ಅಕ್ಷರವನ್ನೂ ಮುಟ್ಟಲಿಲ್ಲ. ಈ ಸಲ ದಾಖಲೆ ಬಂತು, ಒಂದೇ ಒಂದು. ಶುಕ್ರವಾರ. ಮೆಕ್ಯಾನಿಕ್‌ನ ಹೆಸರು. ಬ್ರೇಕ್ ಹಿಡಿಯುತ್ತಿಲ್ಲ, ಓಡಿಸಬಾರದು. ಕೆಳಗೆ ಒಂದು ಫೋಟೋ: ಇದೇ ಕಟ್ಟಡದ ಲಿಫ್ಟ್ ಬಾಗಿಲು, ಅದಕ್ಕೆ ತೂಗುಹಾಕಿದ ಬೋರ್ಡ್. ಕಳಚಿಟ್ಟ ಲಿಫ್ಟಿನ ಎಚ್ಚರಿಕೆಗಳನ್ನು ಕಚೇರಿಯಲ್ಲಿ ಯಾರೂ ನೋಡುತ್ತಿರಲಿಲ್ಲ.

ಮೆಕ್ಯಾನಿಕ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಇನ್‌ಸ್ಪೆಕ್ಟರ್ ಈಗ ಮ್ಯಾನೇಜರತ್ತ ತಿರುಗಿದರು.

"ಗೋದಾಮಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಶನಿವಾರ ಈ ರೂಮಿಂದು?"

"ಅದೂ ನನ್ನ ಹತ್ರಾನೇ."

ಆಮೇಲೆ ಕೇಳಬೇಕಾದ್ದು ಹೆಚ್ಚೇನೂ ಇರಲಿಲ್ಲ. ಹದಿನೇಳನೇ ಲಿಫ್ಟು ಕೆಟ್ಟು ಒಂದೂವರೆ ತಿಂಗಳಾಗಿತ್ತು. ಹೊಸ ಸಾಮಾನು ಬಂದಿರಲಿಲ್ಲ. ಹೊರಗಿನ ಫಿಟ್ಟರ್‌ನಿಂದ ಗುಟ್ಟಾಗಿ ಗೋದಾಮಿನ ಆರನೇ ಲಿಫ್ಟಿನ ಹಳೆಯ ಪ್ಯಾನೆಲ್, ಹಳೆಯ ಬ್ರೇಕ್ ಶುಕ್ರವಾರಕ್ಕೆ ಮೊದಲೇ ಹಾಕಿಸಿದ್ದು, ಶನಿವಾರ ಬೋರ್ಡ್ ತೆಗೆದು ಸ್ವಿಚ್ ಹಾಕಿದ್ದು ಎಲ್ಲವನ್ನೂ ಅವರು ಒಪ್ಪಿಕೊಂಡರು.

"ಇವನು ಫೋನ್ ಮಾಡಿದ್ದು ನಿಜ. ಹೊಸ ಬ್ರೇಕ್ ಸೋಮವಾರ ಬರೋದಿತ್ತು. ಎರಡು ದಿನ ಓಡುತ್ತೆ ಅಂದ್ಕೊಂಡೆ."

"ಎರಡು ದಿನಕ್ಕೆ ಏನವಸರ ಇತ್ತು?"

"ಅಮ್ಮ ಈ ಕೆಳಗಿನ ಮನೇಲೇ ಇರೋದು. ಸೊಂಟದ ಆಪರೇಷನ್ ಆಗಿದೆ, ಮೆಟ್ಟಿಲು ಇಳಿಯೋಕಾಗಲ್ಲ. ಒಂದೂವರೆ ತಿಂಗಳು ಕಿಟಕಿ ಹತ್ರ ಕೂತು ಬೀದಿ ನೋಡಿದ್ಲು. ಒಂದು ದಿನವೂ ಲಿಫ್ಟ್ ಯಾವಾಗ ಸರಿಯಾಗುತ್ತೆ ಅಂತ ನನ್ನ ಕೇಳಲಿಲ್ಲ ಮೇಡಂ. ಅದನ್ನೇ ತಡ್ಕೊಳ್ಳೋಕಾಗಲಿಲ್ಲ."

"ಟೈಲರ್‌ಗೂ ಮೆಟ್ಟಿಲು ಹತ್ತೋಕಾಗಲ್ಲ ಇನ್ನು," ಎಂದರು ಇನ್‌ಸ್ಪೆಕ್ಟರ್. ದನಿಯಲ್ಲಿ ಸಿಟ್ಟಿರಲಿಲ್ಲ.

ನಾಲ್ಕು ಇಪ್ಪತ್ತಕ್ಕೆ ಬಂಧನದ ಮೆಮೊ ಬರೆದರು, ಪಂಚರು ಸಹಿ ಹಾಕಿದರು. ಮೆಕ್ಯಾನಿಕ್‌ನ ಹೆಸರು ಕೈಬಿಡಲು ಕೋರ್ಟಿಗೆ ವರದಿ ಕಳಿಸುವುದೆಂದಾಯಿತು. ಬಂಧನದ ವಿಷಯ ಹತ್ತಿರದ ಸಂಬಂಧಿಕರಿಗೆ ತಿಳಿಸಬೇಕು ಎಂಬುದು ನಿಯಮ. ಮೀಸೆ ಫೋನ್ ತೆಗೆದರು. ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಾಡಿಸಿ, ತಾವೇ ಒಂದು ಸುತ್ತು ಮೆಟ್ಟಿಲಿಳಿದು ಬಾಗಿಲು ತಟ್ಟಿದರು.

ವಾಕರ್ ಹಿಡಿದ ಮುದುಕಿ ಬಾಗಿಲು ತೆಗೆದು ನಕ್ಕಳು. "ಮೇಲೆ ನನ್ನ ಮಗನ ದನಿ ಕೇಳಿಸ್ತು. ಟೀಗೆ ಇಟ್ಟಿದ್ದೀನಿ, ಬಾ ಅಂತ ಹೇಳಮ್ಮಾ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ಮೊದಲು ನೀವು ಕೂತ್ಕೊಳ್ಳಿ ಅಮ್ಮಾ," ಎಂದರು.