ಕುರಿಯ ರಕ್ತ ತರುತ್ತಿದ್ದವನು

ತಾಯಪ್ಪನನ್ನು ಮೊದಲ ಸಲ ಕಂಡಾಗ ಅಮರಮ್ಮನಿಗೆ ಹೇಸಿಗೆಯಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಲ್ಯಾಬಿನ ಬಾಗಿಲಿಗೆ ಅವನಿಗಿಂತ ಮುಂಚೆ ಕುರಿಯ ವಾಸನೆ ಬಂತು. ಅಂಗಿಯ ತೋಳಿಗೆ ಕುರಿಯ ಕೂದಲು, ಚಪ್ಪಲಿಗೆ ಹಿಕ್ಕೆ, ಕಂಕುಳಲ್ಲಿ ಕೆಂಪು ಥರ್ಮಾಸ್ ಫ್ಲಾಸ್ಕು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಒಳಗ ಬರ್ಲೇನ್ರಿ ಮೇಡಂ, ಇಲ್ಲಾ ಇಲ್ಲೇ ನಿಂದ್ರಲೇನು?"

"ಅಲ್ಲೇ ನಿಂದ್ರಿ. ಯಾರು ನೀವು?"

"ತಾಯಪ್ಪ ಅಂತ್ರಿ. ದೇವದುರ್ಗದ ದನದ ದವಾಖಾನ್ಯಾಗ ಸ್ಟಾಕ್‌ಮನ್ ಅದೀನಿ, ದನಕ್ಕ ಸೂಜಿ ಚುಚ್ಚಾಂವ. ನಿಮ್ಮ ಡಾಕ್ಟರು ಕುರಿ ರಕ್ತ ಕೇಳಿದ್ರು, ತಂದೀನಿ." ಫ್ಲಾಸ್ಕನ್ನು ಹೊಸ್ತಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಹುಬ್ಬೇರಿಸಿ ನಕ್ಕ. "ಸೆರಗು ತೆಗದು ಮಾತಾಡ್ರಿ. ಅರ್ಧ ಮಾತು ಅದರಾಗ ಉಳಿಯಾಕತ್ತಾವ."

ಏನು ಸೊಕ್ಕು! ಅವಳಿಗೆ ಸಿಟ್ಟು ಬಂತು. ಆದರೆ ಅವನು ಹೋದ ಮೇಲೂ ಆ ಹುಬ್ಬು ಏರಿದ ರೀತಿ ಕಣ್ಣ ಮುಂದೆಯೇ ಇತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅದು ಎಂಬತ್ತೊಂದನೆಯ ಇಸವಿ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆ. ಅಮರಮ್ಮ ಮಾನ್ವಿಯ ಕೂಲಿಕಾರರ ಮನೆಯ ಮಗಳು. ಬಿ.ಎಸ್ಸಿ. ಮುಗಿಸಿ, ಲ್ಯಾಬ್ ಕೆಲಸ ಕಲಿತು ಅಲ್ಲಿ ಸೇರಿದ್ದಳು. ಹಿರಿಯ ಡಾಕ್ಟರು ವಿರೂಪಣ್ಣನವರು ಅವಳನ್ನು ಹೈದರಾಬಾದಿಗೆ ಕಳಿಸಿ ಒಂದು ಹೊಸ ಪರೀಕ್ಷೆ ಕಲಿಸಿದ್ದರು.

ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಕೆಟ್ಟ ಬಿಳಿ ಕಣಗಳೆಲ್ಲ ಮೈಕ್ರೋಸ್ಕೋಪಿನ ಕೆಳಗೆ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಆದರೆ ಅವುಗಳಲ್ಲಿ 'ಟಿ' ಎಂಬ ಬಗೆ ಬಲು ಕೆಟ್ಟದ್ದು. ಅದಕ್ಕೆ ಮೊದಲ ದಿನದಿಂದಲೇ ಜೋರು ಔಷಧಿ ಬೇಕು. ಆ ಬಗೆಯ ಕಣಕ್ಕೆ ಕುರಿಯ ಕೆಂಪು ಕಣ ಸಿಕ್ಕರೆ ಸುತ್ತಲೂ ಅಂಟಿಸಿಕೊಂಡು ಹೂವಿನಂತಾಗುತ್ತದೆ. ಬೇರೆ ಬಗೆಯವು ಸುಮ್ಮನಿರುತ್ತವೆ. ಕಣಗಳು ಜೀವಂತವಿರಬೇಕು. ಹೈದರಾಬಾದಿನ ರೈಲಿನ ಸೆಕೆಯಲ್ಲಿ ಅವು ಉಳಿಯುವ ಭರವಸೆಯಿಲ್ಲ. ಆದ್ದರಿಂದ ಪರೀಕ್ಷೆ ರಾಯಚೂರಿನಲ್ಲೇ ಆಗಬೇಕು, ಹತ್ತು ದಿನಕ್ಕೊಮ್ಮೆ ಕುರಿಯ ಹೊಸ ರಕ್ತ ಬರಬೇಕು. ಎಲ್ಲ ಕುರಿಯ ಕಣವೂ ಒಂದೇ ಸಮ ಅಂಟುವುದಿಲ್ಲ. ನಾಲ್ಕಾರು ಕುರಿ ನೋಡಿ, ತಾಯಪ್ಪನ ಸೋದರಮಾವ ಬೂದೆಪ್ಪನ ಒಂದು ಹೆಣ್ಣುಕುರಿ ಚೆನ್ನಾಗಿದೆಯೆಂದು ಡಾಕ್ಟರು ಗೊತ್ತು ಮಾಡಿದ್ದರು. ಅದರ ಹೆಸರು ಕರಿಕಿವಿ.

ಆ ಲ್ಯಾಬಿನಲ್ಲಿ ಹೇಸಿಗೆಗೆ ಬರವಿರಲಿಲ್ಲ. ಅಮರಮ್ಮನಿಗಿಂತ ಹಿರಿಯನಾದ ಸಾಬಣ್ಣ ಕೆಲಸದ ಸಿಂಕಿನಲ್ಲೇ ಜರ್ದಾ ಉಗುಳುತ್ತಿದ್ದ. ತೊಳೆಯದ ಪಿಪೆಟ್ಟಿನಿಂದ ನಾಲ್ಕು ಜನರ ರಕ್ತ ಅಳೆಯುತ್ತಿದ್ದ. ಒಮ್ಮೊಮ್ಮೆ ಸ್ಲೈಡನ್ನೇ ನೋಡದೆ ರಿಪೋರ್ಟು ಬರೆಯುತ್ತಿದ್ದ. ಇಷ್ಟು ಹೊಲಸು ಮನುಷ್ಯ ಅಮರಮ್ಮನ ಚಹಾದ ಗ್ಲಾಸನ್ನು ಮಾತ್ರ ಬೇರೆಯಾಗಿ ಕಿಟಕಿಯ ಮೇಲೆ ಇಡಿಸುತ್ತಿದ್ದ! ಆ ಗ್ಲಾಸು ಕಂಡಾಗಲೆಲ್ಲ ಅವಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ತಾಯಪ್ಪ ಮೂರನೆಯ ಸಲ ಬಂದಾಗ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಚಹಾ ಬಂತು. ಸಾಬಣ್ಣ ಅವನಿಗೆ ತನ್ನ ಕಡೆಯ ಗ್ಲಾಸು ಕೊಟ್ಟ. ತಾಯಪ್ಪ ಅದನ್ನು ಹಾಗೆಯೇ ಕೆಳಗಿಟ್ಟು, ಕಿಟಕಿಯ ಮೇಲಿದ್ದ ಅಮರಮ್ಮನ ಗ್ಲಾಸು ತೆಗೆದುಕೊಂಡು ಒಂದು ಗುಟುಕು ಕುಡಿದ.

"ಲೇ, ಅದು ಆಕಿದು!" ಎಂದ ಸಾಬಣ್ಣ.

"ಹೌದೇನ್ರಿ? ಅದಕ್ಕ ಸಕ್ಕರಿ ಹೆಚ್ಚಾಗ್ಯದ ಅನ್ರಿ," ಎಂದು ತಾಯಪ್ಪ ಉಳಿದದ್ದನ್ನೂ ಕುಡಿದ. ಕುಡಿಯುತ್ತ ಗ್ಲಾಸಿನ ಅಂಚಿನ ಮೇಲಿಂದ ಅವಳನ್ನು ನೋಡಿದ. ಅಮರಮ್ಮ ತಟ್ಟನೆ ರಿಜಿಸ್ಟರಿನಲ್ಲಿ ತಲೆ ಹುದುಗಿಸಿದಳು. ಕಿವಿಯವರೆಗೂ ಬಿಸಿಯೇರಿತ್ತು.

ಪ್ರತಿ ಪರೀಕ್ಷೆಗೂ ತಾಳೆ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅವರ ರಕ್ತದಲ್ಲೂ ಟಿ ಕಣಗಳು ಇದ್ದೇ ಇರುತ್ತವೆ. ಅದರಲ್ಲಿ ಹೂವು ಮೂಡದಿದ್ದರೆ ಪರೀಕ್ಷೆಯೇ ಕೆಟ್ಟಿದೆಯೆಂದು ಅರ್ಥ. ಅದಕ್ಕೆ ತೋಳು ಚಾಚುವ ಕೆಲಸ ತಾನಾಗಿಯೇ ತಾಯಪ್ಪನದಾಯಿತು.

"ಮೆತ್ತಗ ಚುಚ್ರಿ. ನಾ ದನಕ್ಕ ಚುಚ್ಚುವಾಗ ಸೈತ ಮೈ ಸವರಿ ಚುಚ್ತೀನಿ."

"ನಿಮ್ಮ ಮೈ ಸವರಾಕ ನೀವೇನು ಎತ್ತೇನು?"

"ಎತ್ತಾದ್ರ ಸವರ್ತೀರೇನು?"

ಅವಳು ಸೂಜಿಯನ್ನು ಬೇಕೆಂದೇ ತುಸು ಜೋರಾಗಿ ಚುಚ್ಚಿದಳು. ಅವನು "ಯವ್ವಾ!" ಎಂದು ಕೂಗಿ ನಕ್ಕ. ಆ ದಿನ ಅವನಿಗೆ ಮೈಕ್ರೋಸ್ಕೋಪು ತೋರಿಸಿದಳು. ನಡುವೆ ಒಂದು ಬೆಳ್ಳನೆಯ ಕಣ, ಸುತ್ತ ಪುಟ್ಟ ಪುಟ್ಟ ಕೆಂಪು ಕಣಗಳು.

"ನಡುವಿನದು ನಿಮ್ಮ ರಕ್ತ, ಸುತ್ತ ಇದ್ದದ್ದು ನಿಮ್ಮ ಕರಿಕಿವಿ," ಎಂದಳು.

ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ತೆಗೆದಾಗ ಅವಳ ಮುಖ ಗೇಣು ದೂರದಲ್ಲಿತ್ತು. ಅಂದಿನಿಂದ ಅಮರಮ್ಮ ಹತ್ತನೆಯ ದಿನವನ್ನು ಬೆರಳಲ್ಲಿ ಎಣಿಸತೊಡಗಿದಳು.

ಆರು ತಿಂಗಳು ಹೀಗೇ ಹೋಯಿತು. ಒಂದು ಸೋಮವಾರ ಬೆಳಿಗ್ಗೆ ಬಾಗಲವಾಡದ ವೆಂಕಮ್ಮ ಏಳು ವರ್ಷದ ಮಗಳನ್ನು ಹೊತ್ತುಕೊಂಡು ಬಂದಳು. ಗೋಪಮ್ಮ ಎಂಬ ಆ ಹುಡುಗಿಯ ಕುತ್ತಿಗೆಯಲ್ಲಿ ಗಂಟುಗಳು, ಕಾಲ ತುಂಬ ನೀಲಿ ಕಲೆ. ಹೊಟ್ಟೆಯ ಮೇಲೆ ಸಾಲಾಗಿ ನಾಲ್ಕು ಬರೆ.

"ಬೇಮಾರಿ ಇಳಿತದಂತ ಸುಡಿಸಿದ್ವಿ ಯವ್ವಾ," ಎಂದಳು ವೆಂಕಮ್ಮ. ಅಮರಮ್ಮ ಕೂಸಿನ ಅಂಗಿಯನ್ನು ಕೆಳಗೆಳೆದು ಬರೆ ಮುಚ್ಚಿದಳು. ಸುಟ್ಟವನ ಕೈ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸುತ್ತ ರಕ್ತ ತೆಗೆದಳು.

ರಕ್ತದ ತುಂಬ ಕೆಟ್ಟ ಬಿಳಿ ಕಣಗಳು. ಅದು ಕ್ಯಾನ್ಸರೇ. ವಿರೂಪಣ್ಣನವರು ಹೈದರಾಬಾದಿಗೆ ಫೋನು ಮಾಡಿದರು. ಸಂಜೆಯ ಗಾಡಿಗೆ ತಾಯಿ ಮಗಳನ್ನು ಕಳಿಸಬೇಕು, ಜೊತೆಗೆ ಯಾವ ಬಗೆಯೆಂಬ ರಿಪೋರ್ಟೂ ಇರಬೇಕು. ಅದನ್ನು ನೋಡಿಯೇ ಅಲ್ಲಿಯವರು ಮರುದಿನ ಔಷಧಿ ಶುರು ಮಾಡುವವರಿದ್ದರು.

ಹತ್ತೂವರೆಯ ಬಸ್ಸಿಗೆ ತಾಯಪ್ಪ ಬಂದ. ಯಾಕೋ ಆ ದಿನ ಚೇಷ್ಟೆಯಿಲ್ಲ. ಫ್ಲಾಸ್ಕು ಕೊಟ್ಟು, ತೋಳು ಚಾಚಿ, ಗೋಡೆ ನೋಡುತ್ತ ಕೂತ.

ಅಮರಮ್ಮ ಎರಡು ಟ್ಯೂಬು ಹೂಡಿದಳು, ಒಂದು ಗೋಪಮ್ಮನದು, ಇನ್ನೊಂದು ತಾಯಪ್ಪನದು. ಒಂದು ತಾಸು ಐಸಿನಲ್ಲಿಟ್ಟು ನೋಡಿದರೆ ಗೋಪಮ್ಮನ ಟ್ಯೂಬಿನಲ್ಲಿ ಒಂದೂ ಹೂವಿಲ್ಲ.

"ಮುಗೀತಲ್ಲ, ಟಿ ಅಲ್ಲ ಅಂತ ಬರಿ," ಎಂದ ಸಾಬಣ್ಣ. "ಹ್ಯಾಂಗೂ ಸಾಯೋ ಕೂಸು. ಅದರ ಬೇಮಾರಿ ಯಾವ ಜಾತಿದಾದ್ರ ಏನ್ ಬೇ?"

"ಸುಮ್ನಿರ್ರಿ!" ಎಂದಳು. ಅವನ ಬಾಯಿಂದ ಜಾತಿ ಎಂಬ ಮಾತು ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು. ತಾಯಪ್ಪನ ಟ್ಯೂಬು ನೋಡಿದಳು. ಅದರಲ್ಲೂ ಒಂದೇ ಒಂದು ಹೂವಿಲ್ಲ. ಆರು ತಿಂಗಳು ತಪ್ಪದೆ ಹೂವು ತೋರಿಸಿದ್ದ ಅದೇ ರಕ್ತ! ಅವಳು ಮತ್ತೆ ದಿಟ್ಟಿಸಿದಳು. ಕೆಂಪು ಕಣಗಳೂ ಎಂದಿಗಿಂತ ದೊಡ್ಡವಾಗಿ ಕಂಡವು.

ವರಾಂಡದಲ್ಲಿ ತಾಯಪ್ಪ ಬೆಂಚಿನ ಮೇಲೆ ಕೂತಿದ್ದ.

"ಇದು ಕರಿಕಿವಿ ರಕ್ತಾನಾ?"

"ಹೌದ್ರಿ," ಎಂದ, ನೆಲ ನೋಡುತ್ತ.

"ಆ ಕಡಿ ನೋಡ್ರಿ." ಅಲ್ಲಿ ಕಂಬಕ್ಕೊರಗಿ ಕೂತ ವೆಂಕಮ್ಮನ ತೊಡೆಯ ಮೇಲೆ ಗೋಪಮ್ಮ ಮಲಗಿದ್ದಳು. "ನೀವು ತಂದ ರಕ್ತ ನೋಡಿ ಆ ಕೂಸಿಗೆ ಔಷಧಿ ಕೊಡ್ತಾರ. ಈಗ ಹೇಳ್ರಿ, ಯಾರ ರಕ್ತ?"

ತಾಯಪ್ಪನ ಮುಖ ಸುಣ್ಣದಂತಾಯಿತು.

"ಎತ್ತಿಂದ್ರಿ," ಎಂದ. "ಮಾವ ಹರಕಿಗಂತ ಕರಿಕಿವಿನ್ನ ಕಡದುಬಿಟ್ಟ. ಅದs ಕುರಿ ಬೇಕಂತ ನೀವು ಹೇಳಿದ್ರಿ. ಅದು ಇಲ್ಲಂದ್ರ ನಾ ಯಾತಕ್ಕ ಬರ್ಲಿ? ಬರಿಗೈಲೆ ಬಂದ್ರ ನಿಮ್ಮನ್ನ ನೋಡಾಕ ನೆಪ ಇರತಿರಲಿಲ್ಲ. ದವಾಖಾನ್ಯಾಗ ಒಂದು ಎತ್ತು ನಿಂತಿತ್ತು, ಅದರದು ತೆಗದೆ. ಹೋದ ಎರಡು ಸಲ ಬರೇ ನನ್ನ ರಕ್ತದಾಗ ರೂಢಿಗೆ ನೋಡಿದ್ರಲ್ರಿ, ಇವತ್ತೂ ಹಂಗs ಅಂದ್ಕೊಂಡೆ. ಕೂಸು ಬರ್ತದಂತ ಗೊತ್ತಿರಲಿಲ್ಲ. ಗಲತಿ ಆತ್ರಿ."

ಅವನು ತನ್ನನ್ನು ನೋಡಲು ಅಷ್ಟು ದೂರದಿಂದ ಬಂದಿದ್ದಾನೆ ಎಂಬ ಮಾತನ್ನು ಅವಳು ಎಷ್ಟು ದಿನದಿಂದ ಕೇಳಬೇಕೆಂದಿದ್ದಳು! ಅದು ಬಂದದ್ದು ಹೀಗೆ, ಇಂಥ ಹೊಲಸಿನ ಜೊತೆ. ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಅಸಹ್ಯವಾಯಿತು.

"ಥೂ ನಿಮ್ಮ! ಸಾಬಣ್ಣ ಸ್ಲೈಡ್ ನೋಡದs ಸುಳ್ಳು ಬರೀತಾನ, ನೀವು ಬಾಟಲಿಯಾಗ ತುಂಬಿಕೊಂಡು ತರ್ತೀರಿ. ಆತಗೂ ನಿಮಗೂ ಏನು ಫರಕು? ಇದಕ್ಕ ನನ್ನ ಹೆಸರು ಹಚ್ಚಬ್ಯಾಡ್ರಿ, ನನಗ ನಾಚಿಕಿ ಬರ್ತದ."

"ಬೈರಿ, ಎಷ್ಟಾದ್ರೂ ಬೈರಿ. ಕೂಸಿನ ಕಣ ಎಷ್ಟೊತ್ತು ಇರ್ತಾವು?"

"ಸಂಜಿತನಕ."

ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಎರಡೂವರೆಗೆ ಆಸ್ಪತ್ರೆಯ ಮುಂದೆ ಒಂದು ಲಾರಿ ನಿಂತಿತು. ಹಿಂದಿನಿಂದ ತಾಯಪ್ಪ ಇಳಿದ, ಹೆಗಲ ಮೇಲೆ ಜೀವಂತ ಕುರಿ! ಹತ್ತಿರದ ಕಲ್ಮಲದ ಕುರಿಹಟ್ಟಿಯಲ್ಲಿ ಕಾಡಿ ಬೇಡಿ ತಂದಿದ್ದ. ಕುರಿ ವರಾಂಡದ ತುಂಬ ಹಿಕ್ಕೆ ಹಾಕಿತು. ಸಾಬಣ್ಣ ಬಾಯಿ ಬಡಿದುಕೊಂಡ. ಯಾರೂ ಅವನ ಕಡೆ ನೋಡಲಿಲ್ಲ.

"ನಿಮ್ಮ ಕಣ್ಣ ಮುಂದs ತೆಗಿತೀನಿ. ತಲಿ ಹಿಡಕೋರಿ," ಎಂದ ತಾಯಪ್ಪ.

ಅಮರಮ್ಮ ಮೊಣಕಾಲೂರಿ ಕುರಿಯ ತಲೆ ಹಿಡಿದಳು. ಅದರ ಜೊಲ್ಲು ಅವಳ ಕೈಮೇಲೆ ಸುರಿಯಿತು. ಅವನು ಕುತ್ತಿಗೆಯ ನರ ಹುಡುಕಿ ಸೂಜಿಯಿಟ್ಟ. ಅವನ ಹಣೆಯ ಬೆವರು ಕಾಣುವಷ್ಟು ಹತ್ತಿರವಿದ್ದರೂ ಅವನು ಒಮ್ಮೆಯೂ ತಲೆಯೆತ್ತಲಿಲ್ಲ. ಎತ್ತಲಿ ಎಂದು ಅವಳ ಮನಸ್ಸು ಬಯಸಿತು. ಇಂಥ ಹೊತ್ತಲ್ಲೂ ಹಾಗೆ ಬಯಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮತ್ತೆ ತೊಳೆದು, ಬೆರೆಸಿ, ಐಸಿನಲ್ಲಿಟ್ಟು ಕಾದಳು. ಮೊದಲು ತಾಯಪ್ಪನ ಟ್ಯೂಬು ನೋಡಿದಳು, ಹೂವುಗಳು ಮೂಡಿದ್ದವು. ಆಮೇಲೆ ಗೋಪಮ್ಮನದು ನೋಡಿದಳು. ನೂರು ಕಣ ಎಣಿಸಿದರೆ ಎಪ್ಪತ್ತಕ್ಕೆ ಕುರಿಯ ಕಣ ಅಂಟಿತ್ತು. ಟಿ. ಆಗಬಾರದೆಂದು ಬೇಡಿಕೊಂಡಿದ್ದೇ ಆಗಿತ್ತು. ಮಧ್ಯಾಹ್ನ ಕಂಡದ್ದನ್ನೇ ಬರೆದು ಕಳಿಸಿದ್ದರೆ ಕೂಸಿಗೆ ಸೌಮ್ಯ ಔಷಧಿ ಕೊಟ್ಟು ಕೂರುತ್ತಿದ್ದರು. ಅವಳು ಕಣ್ಣೊರೆಸಿಕೊಂಡು ಸತ್ಯವನ್ನು ಬರೆದಳು.

ರಿಪೋರ್ಟಿಗೆ ಸಹಿ ಹಾಕಿಸಲು ಹೋದಾಗ ಡಾಕ್ಟರ ಎದುರು ತಾಯಪ್ಪ ಕೈಕಟ್ಟಿ ನಿಂತಿದ್ದ. ಯಾರೂ ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟಿದ್ದ.

"ಇನ್ಮ್ಯಾಲೆ ನೀ ರಕ್ತ ತರೋದು ಬ್ಯಾಡಪ್ಪ," ಎಂದರು ವಿರೂಪಣ್ಣನವರು.

"ಆಗಲ್ರಿ," ಎಂದು ಅವನು ಕುರಿಯನ್ನು ಎತ್ತಿಕೊಂಡು ಹೋದ. ಅಮರಮ್ಮ ಕರೆಯಲಿಲ್ಲ.

ಆಮೇಲೆ ಯರಗೇರಾದಿಂದ ಬೇರೆಯವರು ರಕ್ತ ತಂದರು. ಹತ್ತನೆಯ ದಿನ ಬಾಗಿಲಲ್ಲಿ ಸಪ್ಪಳವಾದರೆ ಅವಳ ತಲೆ ತಾನಾಗಿ ಮೇಲೇಳುತ್ತಿತ್ತು. 'ಛೀ, ನಿನಗೆ ಮಾನವಿಲ್ಲವೇ' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹೈದರಾಬಾದಿನಿಂದ ಡಾಕ್ಟರಿಗೆ ಪತ್ರ ಬಂತು. ಗೋಪಮ್ಮನಿಗೆ ಜೋರು ಔಷಧಿ ನಡೆದಿದೆ, ಕೂದಲು ಉದುರಿದೆ, ಗಂಟು ಕರಗಿವೆ, ಮುಂದಿನದನ್ನು ಈಗಲೇ ಹೇಳಲಾಗದು.

ಎರಡು ತಿಂಗಳಾದ ಮೇಲೆ ಅವಳ ಹೆಸರಿಗೆ ಒಂದು ಕಾರ್ಡು ಬಂತು. 'ತರಾಕ ಏನೂ ಇಲ್ಲ. ಆದ್ರೂ ಆಯ್ತವಾರ ಬರ್ತೀನಿ. ಬ್ಯಾಡಂದ್ರ ಗೇಟಿನಿಂದಲೇ ಹೋಗ್ತೀನಿ. ತಾಯಪ್ಪ.'

ಭಾನುವಾರ ಅವನು ಬಂದಾಗ ಅಮರಮ್ಮ ಗೇಟಿನ ಹೊರಗೇ ಚೀಲ ಹಿಡಿದು ನಿಂತಿದ್ದಳು.

"ಯಾಕ ಬಂದೀರಿ?"

"ನಿಮ್ಮನ್ನ ನೋಡಾಕ."

"ಇಷ್ಟs?"

"ಇಷ್ಟs. ನಿಮ್ಮ ಮ್ಯಾಲ ಮನಸಾಗಿ ಬಾಳ ದಿನಾತ್ರಿ. ಹೇಳಾಕ ಧೈರ್ಯ ಆಗಲಿಲ್ಲ, ಎತ್ತಿಗೆ ಸೂಜಿ ಚುಚ್ಚಿದೆ."

ನಗು ಬಂತು. ಅವಳು ತುಟಿ ಕಚ್ಚಿ ತಡೆದಳು. "ನೆನಸಿಕೊಂಡ್ರ ಇವತ್ತೂ ಹೇಸಿಗಿ ಬರ್ತದ ನನಗ."

"ಗೊತ್ತದ್ರಿ."

"ನಿಮ್ಮನ್ನ ನೆನಸಲಾರದ ಇರಾಕೂ ಆಗವಲ್ದು. ಅದಕ್ಕೂ ಸಿಟ್ಟು ಬರ್ತದ."

ಅವನು ಥಟ್ಟನೆ ತಲೆಯೆತ್ತಿ ಅವಳ ಕಣ್ಣನ್ನು ನೋಡಿದ. ಅವಳೂ ಈ ಸಲ ಕಣ್ಣು ತಪ್ಪಿಸಲಿಲ್ಲ.

"ಗೋಪಮ್ಮನ್ನ ನೋಡಾಕ ಹೈದರಾಬಾದಿಗೆ ಹೊಂಟೀನಿ," ಎಂದಳು. "ನೀವೂ ಬರ್ರಿ. ವೆಂಕಮ್ಮನ ಮುಂದ ಕುಂತು, ಅವತ್ತು ಏನು ಮಾಡಿದ್ರಿ ಅಂತ ನಿಮ್ಮ ಬಾಯಿಲೇ ಹೇಳ್ಬೇಕು. ಆಕಿ ಬೈದ್ರ ಬೈಸಿಕೋಬೇಕು, ಹೊಡದ್ರ ಹೊಡಸಿಕೋಬೇಕು. ಅದಾದ ಮ್ಯಾಲ ನಮ್ಮಿಬ್ಬರ ಮಾತು."

ತಾಯಪ್ಪ ಅಂಗಿಯ ಜೇಬು ತಡವಿದ. ಆಮೇಲೆ ಕೇಳಿದ, "ಗಾಡಿ ಎಷ್ಟಕ್ಕದ? ಟಿಕೀಟು ತೆಗಸಬೇಕಲ್ರಿ."

"ನಿನ್ನೇನ ಎರಡು ತೆಗಸೀನಿ. ನೀವು ಹಿಂದಮುಂದ ನೋಡಿದ್ರ ಒಂದು ಇಲ್ಲೇ ಹರದು ಒಗಿತಿದ್ದೆ."

ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡ. ಸ್ಟೇಷನ್ನಿನವರೆಗೆ ಅವನು ವೆಂಕಮ್ಮನಿಗೆ ಹೇಳಬೇಕಾದದ್ದನ್ನು ಹೇಳಿ ಹೇಳಿ ರೂಢಿ ಮಾಡಿಕೊಂಡ. ಎಲ್ಲಾದರೂ ತನ್ನ ತಪ್ಪನ್ನು ಸಣ್ಣದು ಮಾಡಿ ಹೇಳಿದರೆ ಅವಳು ಅಲ್ಲೇ ನಿಲ್ಲಿಸಿ ತಿದ್ದುತ್ತಿದ್ದಳು, ಅವನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.